ಪಾಪೆಯ ಆಚೆಗಿನ ಲೋಕ

ಕಾಲಿಗೆ ಮುಳ್ಳು ಚುಚ್ಚಿದರೆ ನೋವು ಎಚ್ಚರಿಸುತ್ತದೆ. ಹಲ್ಲು ಹುಳುಕಾದರೆ ರಾತ್ರಿಯ ನಿದ್ರೆ ಕೆಡುತ್ತದೆ. ಕಣ್ಣಿಗೆ ಒಂದು ಧೂಳಿನ ಕಣ ಬಿದ್ದರೂ ಸಾಕು, ಕಣ್ಣು ಕೆಂಪೇರಿ ನೀರು ಸುರಿಯುತ್ತದೆ. ಆದರೆ ಅದೇ ಕಣ್ಣಿನ ಒಳಗೋಡೆಯನ್ನು ಹೊದ್ದಿರುವ ಅಕ್ಷಿಪಟಲವೆಂಬ ತೆಳುಪೊರೆಗೆ ನೋವಿನ ಅರಿವೇ ಇಲ್ಲ. ಬೆಳಕನ್ನು ಗ್ರಹಿಸಿ, ದೃಷ್ಟಿನರದ ಮೂಲಕ ಮೆದುಳಿಗೆ ಸುದ್ದಿ ಮುಟ್ಟಿಸುವುದು ಈ ಪೊರೆಯೇ. ಅದು ಕೆಡುತ್ತಿರುವಾಗಲೂ ಕಣ್ಣು ಹೊರಗಿನಿಂದ ನಿರ್ಮಲವಾಗಿ ಕಾಣಬಹುದು. ಆದುದರಿಂದ ಅದರ ರೋಗಗಳನ್ನು ಕುರುಹುಗಳಿಂದಲೇ ಅರಿಯಬೇಕಾಗುತ್ತದೆ.

ಆ ಕುರುಹುಗಳನ್ನು ಕಾಣುವ ದಾರಿ ಬಹುಕಾಲ ವೈದ್ಯರಿಗೆ ಮುಚ್ಚಿಹೋಗಿತ್ತು. ಪಾಪೆಯ ಒಳಗೆ ಇಣುಕಿದವರಿಗೆಲ್ಲ ಕತ್ತಲೆಯೇ ಕಾಣುತ್ತಿತ್ತು. ಈ ಕತ್ತಲೆಗೆ ಕಾರಣವೇನು? 1850ರಲ್ಲಿ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿದ್ದ ಹರ್ಮನ್ ಹೆಲ್ಮ್‌ಹೋಲ್ಟ್ಸ್ ತನ್ನ ವಿದ್ಯಾರ್ಥಿಗಳಿಗೆ ಪಾಠವನ್ನು ಸಿದ್ಧಪಡಿಸುವಾಗ ಈ ಪ್ರಶ್ನೆಯನ್ನು ಆಳವಾಗಿ ಆಲೋಚಿಸಿದನು. ಕಣ್ಣನ್ನು ಹೊಕ್ಕ ಬೆಳಕು ಬಂದ ದಾರಿಯಲ್ಲಿಯೇ ದೀಪದ ಕಡೆಗೆ ಹಿಂದಿರುಗುತ್ತದೆ. ಅದನ್ನು ಕಾಣಬೇಕಾದರೆ ನೋಡುವವನ ಕಣ್ಣು ದೀಪದ ಸ್ಥಾನದಲ್ಲಿರಬೇಕು. ಅಲ್ಲಿ ತಲೆಯಿಟ್ಟರೆ ಬೆಳಕಿಗೇ ಅಡ್ಡಿ! ಹೆಲ್ಮ್‌ಹೋಲ್ಟ್ಸ್ ಗಾಜಿನ ಹಲ್ಲೆಗಳನ್ನು ಓರೆಯಾಗಿ ಹಿಡಿದು ದೀಪದ ಬೆಳಕನ್ನು ರೋಗಿಯ ಕಣ್ಣಿನೊಳಕ್ಕೆ ಪ್ರತಿಫಲಿಸಿದನು. ಆ ಗಾಜಿನ ಮೂಲಕವೇ ಒಳಗೆ ನೋಡಿದನು. 1851ರಲ್ಲಿ ಅವನು ಪ್ರಕಟಿಸಿದ ಈ ನೇತ್ರದರ್ಶಕವು ನೇತ್ರವೈದ್ಯದ ಹೊಸ ಯುಗಕ್ಕೆ ನಾಂದಿಯಾಯಿತು.

ಆರೋಗ್ಯವಂತ ಕಣ್ಣಿನ ತಳವು ಕಿತ್ತಳೆಗೆಂಪಾಗಿ ಹೊಳೆಯುತ್ತದೆ. ದೃಷ್ಟಿನರ ಹೊರಡುವ ಜಾಗವು ಮಸುಕು ಹಳದಿಯ ಬಿಲ್ಲೆಯಂತಿರುತ್ತದೆ. ಅಲ್ಲಿಂದ ರಕ್ತನಾಳಗಳು ಮರದ ಕೊಂಬೆಗಳಂತೆ ಕವಲೊಡೆಯುತ್ತವೆ. ಶರೀರವನ್ನು ಕೊಯ್ಯದೆ ರಕ್ತನಾಳಗಳನ್ನು ಇಷ್ಟು ನೇರವಾಗಿ ನೋಡಲು ಬೇರೆಡೆ ಸಾಧ್ಯವಾಗುವುದು ವಿರಳ. ಹೀಗಾಗಿ ಕಣ್ಣಿನ ತಳವು ಇಡೀ ದೇಹದ ಕಥೆಯನ್ನೂ ಹೇಳಬಲ್ಲದು. ಮಧುಮೇಹವು ಸೂಕ್ಷ್ಮನಾಳಗಳನ್ನು ದುರ್ಬಲಗೊಳಿಸಿದಾಗ ಸಣ್ಣ ಕೆಂಪು ಚುಕ್ಕೆಗಳೂ, ಮೇಣದಂತಹ ಹಳದಿ ಕಲೆಗಳೂ ಕಾಣಿಸಿಕೊಳ್ಳುತ್ತವೆ. ಮುಂದೆ ಹೊಸ ನಾಳಗಳು ಹುಟ್ಟಿ, ಅವು ಒಡೆದು, ಕಣ್ಣಿನೊಳಗೆ ರಕ್ತ ಹರಡುವುದುಂಟು. ಏರಿದ ರಕ್ತದೊತ್ತಡದಲ್ಲಿ ಶುದ್ಧರಕ್ತದ ನಾಳಗಳು ಕಿರಿದಾಗುತ್ತವೆ. ತಲೆಬುರುಡೆಯೊಳಗೆ ಒತ್ತಡ ಹೆಚ್ಚಿದರೆ ದೃಷ್ಟಿನರದ ಬಿಲ್ಲೆಯು ಊದಿಕೊಳ್ಳುತ್ತದೆ.

ಕೆಲವೊಮ್ಮೆ ಅಕ್ಷಿಪಟಲವು ಹರಿದು, ಗೋಡೆಯಿಂದ ಸುಣ್ಣದ ಪದರ ಕಳಚುವಂತೆ ತನ್ನ ಆಧಾರದಿಂದ ಕಳಚಿಕೊಳ್ಳುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಇದು ಬಹುಮಟ್ಟಿಗೆ ವಾಸಿಯಾಗದ ರೋಗವಾಗಿತ್ತು. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ವೈದ್ಯ ಜೂಲ್ ಗೋನ್ಯಾ ಈ ರೋಗಕ್ಕೆ ಹರಕೇ ಮೂಲವೆಂದು ಸಾಧಿಸಿ ತೋರಿಸಿದನು. ಅವನು ಹರಕನ್ನು ತಾಳ್ಮೆಯಿಂದ ಹುಡುಕಿ, ಅದರ ಸ್ಥಾನವನ್ನು ಕರಾರುವಾಕ್ಕಾಗಿ ಗುರುತಿಸಿ, ಕಾದ ಉಪಕರಣದಿಂದ ಸುಟ್ಟು ಮುಚ್ಚುತ್ತಿದ್ದನು. ಹರಕು ಕಣ್ಣಿಗೆ ಬೀಳದಿದ್ದರೆ ಚಿಕಿತ್ಸೆಯೇ ಇಲ್ಲ! ಸರಿಯಾಗಿ ನೋಡುವುದೇ ಅರ್ಧ ಚಿಕಿತ್ಸೆಯೆಂಬ ಮಾತಿಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಇಂದು ಲೇಸರ್ ಕಿರಣವು ಸಣ್ಣ ಹರಕುಗಳನ್ನು ಬೆಸೆದು ಕಾಪಾಡುತ್ತದೆ. 1991ರಲ್ಲಿ ಪ್ರಕಟವಾದ ಒಂದು ವಿಧಾನದಿಂದ ಅಕ್ಷಿಪಟಲದ ಪದರಗಳ ಚಿತ್ರವನ್ನೇ ಬೆಳಕಿನ ನೆರವಿನಿಂದ ಪಡೆಯಬಹುದಾಗಿದೆ.

ಆದರೂ ಮೊದಲ ಕುರುಹನ್ನು ಗಮನಿಸಬೇಕಾದವನು ವೈದ್ಯನಲ್ಲ, ಕಣ್ಣಿನ ಒಡೆಯನೇ. ಕತ್ತಲೆಯಲ್ಲಿ ಮಿಂಚು ಹೊಳೆದಂತಾಗುವುದು, ಕಪ್ಪು ಚುಕ್ಕೆಗಳು ಒಮ್ಮೆಗೇ ಮಳೆಯಂತೆ ತೇಲತೊಡಗುವುದು, ನೋಟದ ಅಂಚಿನಿಂದ ಪರದೆ ಇಳಿದಂತಾಗುವುದು, ನೇರವಾದ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುವುದು - ಇವೆಲ್ಲ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕೆಂಬ ಸೂಚನೆಗಳು. ಎಳೆಯ ಮಗುವಿನ ಪಾಪೆಯಲ್ಲಿ ಬಿಳಿಯ ಹೊಳಪು ಕಂಡರಂತೂ ಒಂದು ದಿನವನ್ನೂ ಕಳೆಯಬಾರದು; ಅದು ಅಕ್ಷಿಪಟಲದ ಗಂತಿಯ ಕುರುಹಾಗಿರಬಹುದು. ಒಂದು ಕಣ್ಣು ಮಂಕಾದರೆ ಇನ್ನೊಂದು ಕಣ್ಣು ಆ ಕೊರತೆಯನ್ನು ಮರೆಮಾಚುತ್ತದೆ. ಆದುದರಿಂದ ಆಗಾಗ ಒಂದೊಂದೇ ಕಣ್ಣನ್ನು ಮುಚ್ಚಿ ನೋಡುವುದು ಒಳ್ಳೆಯದು. ಮಧುಮೇಹಿಗಳಾದರೋ, ದೃಷ್ಟಿ ಚೆನ್ನಾಗಿದ್ದರೂ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕಣ್ಣಿನ ತಳವನ್ನು ಪರೀಕ್ಷಿಸಿಕೊಳ್ಳಬೇಕು.

ನೋವಿಲ್ಲದಿರುವುದು ಆರೋಗ್ಯದ ಪ್ರಮಾಣವಲ್ಲ. ಮೂಕವಾದ ಅಕ್ಷಿಪಟಲವು ಕುರುಹುಗಳ ಮೂಲಕವೇ ಮಾತನಾಡುತ್ತದೆ. ಅದರ ಮಾತನ್ನು ಕಾಲಕ್ಕೆ ಸರಿಯಾಗಿ ಕೇಳಿಸಿಕೊಂಡವನು ಬೆಳಕನ್ನು ಉಳಿಸಿಕೊಳ್ಳಬಲ್ಲನು.

ಪ್ರಶ್ನೆಗಳು
1. ಪಾಪೆಯು ಕಪ್ಪಾಗಿ ಕಾಣುವುದೇಕೆ? ಈ ತೊಡಕನ್ನು ಹೆಲ್ಮ್‌ಹೋಲ್ಟ್ಸ್ ಹೇಗೆ ಪರಿಹರಿಸಿದನು?
2. 'ಸರಿಯಾಗಿ ನೋಡುವುದೇ ಅರ್ಧ ಚಿಕಿತ್ಸೆ' - ಗೋನ್ಯಾನ ಸಾಧನೆಯ ಆಧಾರದಿಂದ ಈ ಮಾತನ್ನು ಸಮರ್ಥಿಸಿರಿ.
3. ಅಕ್ಷಿಪಟಲದ ರೋಗವನ್ನು ಸೂಚಿಸುವ ಯಾವ ಕುರುಹುಗಳನ್ನು ರೋಗಿಯು ತಾನೇ ಗುರುತಿಸಬಹುದು?