ಗುಡ್ಡದ ಅಂಚಿನಲ್ಲಿ, ಕಡಲ ತಡಿಯಲ್ಲಿ

ಗೋಕರ್ಣವೆಂದೊಡನೆ ಮಹಾಬಲೇಶ್ವರನ ಸನ್ನಿಧಿ ನೆನಪಿಗೆ ಬರುವುದು ಸಹಜ. ಆದರೆ ಉತ್ತರ ಕನ್ನಡ ಜಿಲ್ಲೆಯ ಈ ಯಾತ್ರಾಸ್ಥಳಕ್ಕೆ ಇನ್ನೊಂದು ಸಿರಿಯೂ ಉಂಟು. ಊರಿನ ದಕ್ಷಿಣಕ್ಕೆ ಗುಡ್ಡದ ಸಾಲೊಂದು ಕಡಲಿಗೆ ಮೈಯೊಡ್ಡಿ ನಿಂತಿದೆ. ಅದರ ಮಡಿಲಲ್ಲಿ ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ಎಂಬ ನಾಲ್ಕು ಮರಳದಂಡೆಗಳು ಒಂದರ ಮುಂದೊಂದು ಅಡಗಿವೆ. ಮಳೆಗಾಲ ಕಳೆದ ಮೇಲೆ ಚಾರಣಿಗರ ತಂಡಗಳು ಇವನ್ನು ಒಂದೇ ದಿನದಲ್ಲಿ ನಡೆದು ನೋಡುತ್ತವೆ. ದೂರ ಹೆಚ್ಚಿಲ್ಲ; ಏರಿಳಿತವೂ ಬಿಸಿಲೂ ಹೆಚ್ಚು. ಆದುದರಿಂದ ಹೊತ್ತು ಮೂಡುವ ಮುನ್ನವೇ ಹೊರಡುವುದು ವಾಡಿಕೆ.

ಊರಿನ ಕಡಲತೀರದ ಕೊನೆಯಲ್ಲಿ ಗುಡ್ಡವನ್ನೇರಿದರೆ ಕಾಲಡಿಯಲ್ಲಿ ಕೆಂಪು ಮುರಕಲ್ಲಿನ ಹಾಸು ಕಾಣುತ್ತದೆ. ಇದು ಮಳೆಯೇ ನಿರ್ಮಿಸಿದ ಕಲ್ಲು. ಲಕ್ಷಾಂತರ ವರ್ಷಗಳ ಬಿರುಮಳೆಯು ಮೂಲಶಿಲೆಯಲ್ಲಿದ್ದ ಕರಗುವ ಅಂಶಗಳನ್ನು ತೊಳೆದೊಯ್ದಿತು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಉಳಿದವು. ಕಬ್ಬಿಣವೇ ಈ ಕಲ್ಲಿನ ಕೆಂಪಿಗೆ ಕಾರಣ. ನೆಲದಿಂದ ಕಡಿದಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಕರಾವಳಿಯ ಎಷ್ಟೋ ಮನೆಗಳ ಗೋಡೆಗಳು ಇದರಿಂದಲೇ ಎದ್ದಿವೆ.

ಕುಡ್ಲೆಯನ್ನು ದಾಟಿ ಮತ್ತೊಂದು ಗುಡ್ಡವನ್ನು ಹತ್ತಿಳಿದರೆ ಓಂ ತೀರ. ನಡುವೆ ಚಾಚಿಕೊಂಡ ಬಂಡೆಗಳಿಂದಾಗಿ ಇಲ್ಲಿ ಎರಡು ಬಾಗಿದ ದಂಡೆಗಳು ಕೂಡಿ, ಮೇಲಿನಿಂದ ನೋಡಿದಾಗ ಓಂಕಾರದ ಆಕಾರವು ತೋರುತ್ತದೆ. ಕಡಲು ಇಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ನಡೆಸುತ್ತಿದೆ. ಮುಂಚಾಚಿದ ಗುಡ್ಡದ ಮೂಗಿಗೆ ಅಲೆಗಳು ಸುತ್ತುವರಿದು ಬಡಿದು ಅದನ್ನು ಸವೆಸುತ್ತವೆ; ಒಳಬಾಗಿದ ಕೊಲ್ಲಿಯಲ್ಲಿ ಅವುಗಳ ಬಲ ಹರಡಿ ಕುಗ್ಗುವುದರಿಂದ ಮರಳು ನಿಲ್ಲುತ್ತದೆ. ಒಂದೆಡೆ ಕೆಡಹುವ ಕೈಯೇ ಇನ್ನೊಂದೆಡೆ ಕಟ್ಟುತ್ತದೆ.

ಓಂ ತೀರದಿಂದ ಮುಂದಕ್ಕೆ ದಾರಿ ಕಿರಿದಾಗುತ್ತದೆ. ಗುಡ್ಡದ ಕಾಲುದಾರಿ ಬಳಸು. ಬುಡದ ಬಂಡೆಗಳ ಮೇಲೆ ಹೋದರೆ ಹತ್ತಿರವೆಂದು ತೋರುತ್ತದೆ. ಇಳಿತದ ಹೊತ್ತಿನಲ್ಲಿ ಆ ಬಂಡೆಗಳು ಮೆಟ್ಟಿಲಿನಂತೆ ತೆರೆದುಕೊಂಡು ಕರೆಯುತ್ತವೆ. ಆದರೆ ಸುಮಾರು ಆರು ಗಂಟೆಗಳಲ್ಲಿ ಇಳಿತವು ಉಬ್ಬರವಾಗಿ ತಿರುಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸಮಯದಲ್ಲಿ ನೀರು ಇನ್ನೂ ಮೇಲಕ್ಕೇರುತ್ತದೆ. ಉಬ್ಬರದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ನಿನ್ನೆಯ ಲೆಕ್ಕವು ಇಂದಿಗೆ ಸಲ್ಲದು. ಪಾಚಿಗಟ್ಟಿದ ಬಂಡೆಯ ಮೇಲೆ ಕಾಲು ಜಾರಿ, ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡವರುಂಟು. ಆದ್ದರಿಂದ ಅರಿತ ತಂಡವು ಊರಿನ ಮೀನುಗಾರರನ್ನು ಕೇಳಿಯೇ ಮುಂದುವರಿಯುತ್ತದೆ. ಅನುಮಾನವಿದ್ದಲ್ಲಿ ಬಳಸುದಾರಿಯನ್ನೇ ಹಿಡಿಯುತ್ತದೆ.

ತಂಡದ ನಡಿಗೆಗೆ ತನ್ನದೇ ನೀತಿಯುಂಟು. ದಾರಿ ಬಲ್ಲವನು ಮುಂದೆ, ಗಟ್ಟಿಗನೊಬ್ಬನು ಕೊನೆಯಲ್ಲಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ಹೆಜ್ಜೆಯೇ ಇಡೀ ತಂಡದ ಹೆಜ್ಜೆ. ಅವನನ್ನು ಬಿಟ್ಟು ಮುಂದೆ ಓಡಿದವರು ಬೇಗ ತಲುಪಬಹುದು; ಆದರೆ ತಂಡವು ತಲುಪಿದಂತಾಗದು.

ಈ ಗುಡ್ಡಸಾಲಿನ ದಕ್ಷಿಣಕ್ಕೆ, ತದಡಿಯ ಬಳಿ, ಅಘನಾಶಿನಿ ನದಿಯು ಕಡಲನ್ನು ಸೇರುತ್ತದೆ. ಇದರ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ನೀರು ಇಳಿದಾಗ ಸುತ್ತಲಿನ ಊರಿನವರು ಇಲ್ಲಿ ಬಳಚನ್ನು ಆರಿಸಿ ಜೀವನ ಸಾಗಿಸುತ್ತಾರೆ. ಚಾರಣಿಗನು ಒಂದು ದಿನ ಅಂಜಿ ಗಮನಿಸುವ ಉಬ್ಬರವಿಳಿತವೇ ಅವರ ನಿತ್ಯದ ಗಡಿಯಾರ. ಕಡಲಿನ ವೇಳೆಯನ್ನರಿತು ಅದಕ್ಕೆ ಹೊಂದಿಕೊಂಡು ನಡೆಯುವವರಿಗೆ ಅದು ಅನ್ನವನ್ನೂ ಆನಂದವನ್ನೂ ನೀಡುತ್ತದೆ.

ಅಭ್ಯಾಸ

1. ಮುರಕಲ್ಲು ಹೇಗೆ ಉಂಟಾಯಿತು?
2. ‘ಒಂದೆಡೆ ಕೆಡಹುವ ಕೈಯೇ ಇನ್ನೊಂದೆಡೆ ಕಟ್ಟುತ್ತದೆ’ – ಈ ಮಾತನ್ನು ವಿವರಿಸಿರಿ.
3. ನಿಧಾನವಾಗಿ ನಡೆಯುವವನ ಹೆಜ್ಜೆಯೇ ತಂಡದ ಹೆಜ್ಜೆಯಾಗಬೇಕು, ಏಕೆ?