ವೃತ್ತಿಯಲ್ಲಿ ನಿಂತ ನೀರು: ಆತ್ಮಪರಿಶೀಲನೆಗೆ ಹತ್ತು ವರ್ಷಗಳ ಲೆಕ್ಕ

ಸರ್ಕಾರಿ ನೌಕರರ ಹಾಗೂ ಬ್ಯಾಂಕ್ ಅಧಿಕಾರಿಗಳ ವೇತನ ನಿಯಮಗಳಲ್ಲಿ ‘ಸ್ಥಗಿತ ವೇತನ ಬಡ್ತಿ’ ಎಂಬುದೊಂದುಂಟು. ವೇತನ ಶ್ರೇಣಿಯ ಗರಿಷ್ಠ ಹಂತವನ್ನು ತಲುಪಿ, ಮೇಲಿನ ಹುದ್ದೆಗೆ ಬಡ್ತಿಯೂ ದೊರೆಯದೆ ನಿಂತಲ್ಲೇ ನಿಂತ ನೌಕರನಿಗೆ ನೀಡುವ ಹೆಚ್ಚಳವದು. ಅದರಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಈ ವ್ಯಕ್ತಿಯ ವೃತ್ತಿ ನಿಂತಿದೆ ಎಂಬ ಸಂಗತಿಯನ್ನು ನಿಯಮವೇ ಗುರುತಿಸಿ ಕಾಗದದ ಮೇಲೆ ದಾಖಲಿಸುತ್ತದೆ.

ವ್ಯಾಪಾರಿಗೂ ಸಣ್ಣ ಉದ್ದಿಮೆದಾರನಿಗೂ ಇಂತಹ ದಾಖಲೆಯಿಲ್ಲ. ಬಡ್ತಿ ಇಲ್ಲ, ವರ್ಗಾವಣೆ ಇಲ್ಲ, ಅರವತ್ತಕ್ಕೆ ನಿವೃತ್ತಿ ಎಂಬ ಗಡುವೂ ಇಲ್ಲ. ನಮ್ಮ ಲೆಕ್ಕ ಪರಿಶೋಧಕ ವೃತ್ತಿಯಲ್ಲಿ, ಅರವತ್ತು ವರ್ಷ ಮೀರದ ವೃತ್ತಿನಿರತ ಸದಸ್ಯರು ಮೂರು ವರ್ಷಗಳ ಅವಧಿಯಲ್ಲಿ 120 ಗಂಟೆಗಳ ವೃತ್ತಿ ಶಿಕ್ಷಣವನ್ನು ಪಡೆಯಬೇಕೆಂಬ ಕಡ್ಡಾಯವಿದೆ. ಇಷ್ಟವಿರಲಿ ಇಲ್ಲದಿರಲಿ, ಹೋಗಿ ಕುಳಿತು ಕೇಳಲೇಬೇಕು. ವ್ಯಾಪಾರದ ಪರವಾನಗಿಯಾದರೋ ಶುಲ್ಕ ಕಟ್ಟಿದರೆ ನವೀಕರಣಗೊಳ್ಳುತ್ತದೆ. ಅದನ್ನು ಹೊಂದಿದವನು ಹೊಸದಾಗಿ ಏನನ್ನು ಕಲಿತನೆಂದು ಯಾರೂ ಕೇಳುವುದಿಲ್ಲ. ಆದುದರಿಂದ ಸ್ವಂತ ಉದ್ಯೋಗ ಮಾಡುವವನ ವೃತ್ತಿಜೀವನ ಎಲ್ಲಿ ನಿಂತಿತೆಂಬುದು ಬಹುಕಾಲ ಆತನಿಗೇ ತಿಳಿಯದು. ಬೆಳಿಗ್ಗೆ ಅಂಗಡಿ ತೆರೆಯುತ್ತದೆ, ಗಿರಾಕಿಗಳು ಬರುತ್ತಾರೆ, ರಾತ್ರಿ ಹಣ ಎಣಿಸುವುದಾಗುತ್ತದೆ. ಇದೆಲ್ಲ ನಡೆದಿರುವಾಗ ನಿಂತಿದೆ ಎನ್ನಲು ಮನಸ್ಸು ಬಾರದು.

ಆದರೆ ಇದನ್ನು ತಿಳಿಯುವ ಸಾಧನವು ಆತನ ಬಳಿಯೇ ಇದೆ. ತೆರಿಗೆ ಇಲಾಖೆಗಾಗಿ ಹಾಗೂ ಬ್ಯಾಂಕಿಗಾಗಿ ವರ್ಷವರ್ಷವೂ ಸಿದ್ಧಪಡಿಸಿ, ಸಹಿ ಹಾಕಿ, ಬೀರುವಿನಲ್ಲಿಟ್ಟ ಲೆಕ್ಕಪತ್ರಗಳೇ ಆ ಸಾಧನ. ಅವನ್ನು ತನಗಾಗಿ ಓದಿಕೊಳ್ಳುವ ಮಾಲೀಕರು ವಿರಳ. ಹತ್ತು ವರ್ಷಗಳ ಲೆಕ್ಕವನ್ನು ಒಟ್ಟಿಗೆ ಮುಂದಿಟ್ಟುಕೊಂಡು ಓದುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ಮಾರಾಟ ಏರಿತೇ, ಬೆಲೆ ಏರಿತೇ?

ಮೊದಲು ಮಾರಾಟದ ಮೊತ್ತವನ್ನು ತೆಗೆದುಕೊಳ್ಳೋಣ. 2014-15ರಲ್ಲಿ 80 ಲಕ್ಷ ರೂಪಾಯಿಗಳಿದ್ದ ವಹಿವಾಟು 2024-25ರಲ್ಲಿ 1 ಕೋಟಿ 20 ಲಕ್ಷ ಆಯಿತೆಂದು ಭಾವಿಸಿ. ಒಂದೂವರೆ ಪಟ್ಟು ಬೆಳವಣಿಗೆ ಎಂದು ಯಾರಾದರೂ ಸಂತೋಷಪಡುವರು. ಆದಾಯ ತೆರಿಗೆಯಲ್ಲಿ ಬಂಡವಾಳ ಲಾಭದ ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ಪ್ರಕಟಿಸುವ ವೆಚ್ಚ ಹಣದುಬ್ಬರ ಸೂಚ್ಯಂಕವು 2014-15ಕ್ಕೆ 240, 2024-25ಕ್ಕೆ 363. ಈ ಪ್ರಮಾಣದಲ್ಲಿ ನೋಡಿದರೆ ಹಿಂದಿನ 80 ಲಕ್ಷವು 1 ಕೋಟಿ 21 ಲಕ್ಷಕ್ಕೆ ಸಮ. ಅಂದರೆ ಹತ್ತು ವರ್ಷಗಳಲ್ಲಿ ವಹಿವಾಟು ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಅಷ್ಟೇ ಅಲ್ಲ, ಈ ಸೂಚ್ಯಂಕವನ್ನು ನಗರ ಗ್ರಾಹಕ ಬೆಲೆ ಸೂಚ್ಯಂಕದ ಸರಾಸರಿ ಏರಿಕೆಯ ಶೇಕಡ 75ರಷ್ಟನ್ನು ಮಾತ್ರ ಗಣನೆಗೆ ತೆಗೆದುಕೊಂಡು ನಿಗದಿಪಡಿಸಲಾಗುತ್ತದೆ. ನಿಜವಾದ ಬೆಲೆ ಏರಿಕೆಯನ್ನು ಹಿಡಿದರೆ ವಹಿವಾಟು ಕುಗ್ಗಿದೆ ಎನ್ನಬೇಕಾಗುತ್ತದೆ.

ಕಬ್ಬಿಣ, ಎಣ್ಣೆ, ಬೇಳೆಕಾಳು ಇಂತಹ ಪದಾರ್ಥಗಳ ಬೆಲೆ ತನ್ನದೇ ದಾರಿಯಲ್ಲಿ ಏರಿಳಿಯುವುದರಿಂದ ಅವುಗಳ ವ್ಯಾಪಾರದಲ್ಲಿ ರೂಪಾಯಿಗಿಂತ ಪ್ರಮಾಣವೇ ಸರಿಯಾದ ಅಳತೆ. ಎಷ್ಟು ಟನ್, ಎಷ್ಟು ಚೀಲ, ಎಷ್ಟು ಡಬ್ಬ ಎಂದು ದಾಸ್ತಾನು ಪುಸ್ತಕದಿಂದ ತೆಗೆಯಬಹುದು. ಒಂದು ಭಾನುವಾರದ ಕೆಲಸವಿದು.

ತನ್ನ ಸಂಬಳವೆಷ್ಟು?

ಎರಡನೆಯದು, ಹಾಗೂ ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದುದು, ನಿವ್ವಳ ಲಾಭದ ವಿಂಗಡಣೆ. ಸ್ವಂತ ಒಡೆತನದ ಸಂಸ್ಥೆಯ ಲಾಭ-ನಷ್ಟ ಖಾತೆಯಲ್ಲಿ ಕಾಣುವ ನಿವ್ವಳ ಲಾಭವನ್ನು ಮಾಲೀಕನು ತನ್ನ ದುಡಿಮೆಯ ಫಲವೆಂದು ತಿಳಿಯುತ್ತಾನೆ. ಅದರಲ್ಲಿ ಬೇರೆಯವರ ಪಾಲು ಅಡಗಿರುತ್ತದೆ.

ಉದಾಹರಣೆಗೆ, ಒಬ್ಬ ಸಣ್ಣ ತಯಾರಕನ ವಾರ್ಷಿಕ ಲಾಭ 9 ಲಕ್ಷ ರೂಪಾಯಿಗಳಿರಲಿ. ಆತ ತೊಡಗಿಸಿದ ಸ್ವಂತ ಬಂಡವಾಳ 30 ಲಕ್ಷ. ಆ ಹಣವನ್ನು ಶೇಕಡ 7ರ ದರದಲ್ಲಿ ಠೇವಣಿ ಇಟ್ಟಿದ್ದರೆ ಏನೂ ಮಾಡದೆ 2 ಲಕ್ಷ 10 ಸಾವಿರ ಬರುತ್ತಿತ್ತು. ಷೆಡ್ಡು ತಂದೆಯವರ ಕಾಲದ ಆಸ್ತಿ. ಬೇರೆಯವರಿಗೆ ಬಾಡಿಗೆಗೆ ಕೊಟ್ಟರೆ ತಿಂಗಳಿಗೆ 15 ಸಾವಿರ, ವರ್ಷಕ್ಕೆ 1 ಲಕ್ಷ 80 ಸಾವಿರ. ಲೆಕ್ಕ ಬರೆಯುವ ಹಾಗೂ ವಸೂಲಿಗೆ ಓಡಾಡುವ ಕೆಲಸವನ್ನು ಸಂಬಳವಿಲ್ಲದೆ ಮಾಡುವ ಪತ್ನಿಯದೋ ಮಗನದೋ ದುಡಿಮೆಗೆ ತಿಂಗಳಿಗೆ 12,500ರಂತೆ 1 ಲಕ್ಷ 50 ಸಾವಿರ. ಈ ಮೂರನ್ನೂ ಕೂಡಿದರೆ 5 ಲಕ್ಷ 40 ಸಾವಿರ. ಉಳಿದುದು 3 ಲಕ್ಷ 60 ಸಾವಿರ, ಅಂದರೆ ತಿಂಗಳಿಗೆ 30 ಸಾವಿರ. ದಿನಕ್ಕೆ ಹನ್ನೆರಡು ಗಂಟೆ ದುಡಿದು, ಎಲ್ಲ ಜವಾಬ್ದಾರಿಯನ್ನೂ ಹೊತ್ತ ಮಾಲೀಕನಿಗೆ ಆತನ ಉದ್ಯಮ ಕೊಡುತ್ತಿರುವ ಸಂಬಳ ಇದು.

ಇದೇ ಲೆಕ್ಕವನ್ನು ಹತ್ತು ವರ್ಷ ಹಿಂದಿನ ಅಂಕಿಗಳಿಗೂ ಮಾಡಿ ನೋಡಬೇಕು. ಆಗ 25 ಸಾವಿರ ಬಂದಿದ್ದರೆ, ಮೇಲೆ ಹೇಳಿದ ಸೂಚ್ಯಂಕದ ಪ್ರಕಾರ ಅದು ಸುಮಾರು 37,800ಕ್ಕೆ ಏರಿರಬೇಕಿತ್ತು. ಏರದಿದ್ದಲ್ಲಿ ಬಂಡವಾಳವೂ ಕಟ್ಟಡವೂ ಮನೆಮಂದಿಯೂ ಸೇರಿ ಮಾಲೀಕನನ್ನು ಸಾಕುತ್ತಿದ್ದಾರೆಂದು ಅರ್ಥ. ಈ ಮಾತು ಕಹಿಯೆನಿಸಬಹುದು. ಒಬ್ಬ ಹಿರಿಯ ವ್ಯಾಪಾರಿಗೆ ನನ್ನ ಕಚೇರಿಯಲ್ಲಿ ಈ ಲೆಕ್ಕ ತೋರಿಸಿದಾಗ ಅವರು ಬಹಳ ಹೊತ್ತು ಕಾಗದವನ್ನೇ ನೋಡುತ್ತಿದ್ದು, “ಆಡಿಟರ್ ಸಾಹೇಬರೇ, ನಮ್ಮ ಗುಮಾಸ್ತನ ಸಂಬಳ ಎಷ್ಟೆಂದು ನನಗೆ ಬಾಯಿಪಾಠ, ನನ್ನದು ಇವತ್ತು ಗೊತ್ತಾಯಿತು” ಎಂದರು. ಮರುವರ್ಷ ಅವರು ಎರಡು ಮಳಿಗೆಗಳಲ್ಲಿ ಒಂದನ್ನು ಬಾಡಿಗೆಗೆ ಕೊಟ್ಟು, ಉಳಿದ ಒಂದರಲ್ಲಿ ಲಾಭದ ಸರಕನ್ನು ಮಾತ್ರ ಇಟ್ಟುಕೊಂಡರು. ವಹಿವಾಟು ಇಳಿಯಿತು, ಅವರ ಪಾಲಿನ ಸಂಬಳ ಏರಿತು.

ಆದಾಯ ತೆರಿಗೆಯ ಅಂದಾಜು ಆದಾಯ ಪದ್ಧತಿಯಲ್ಲಿ ವಿವರ ಪತ್ರ ಸಲ್ಲಿಸುವವರಿಗೆ ಇಲ್ಲೊಂದು ತೊಡಕಿದೆ. ಅವರಿಗೆ ಪೂರ್ಣ ಲೆಕ್ಕಪುಸ್ತಕಗಳ ಕಡ್ಡಾಯವಿಲ್ಲದ ಕಾರಣ ಬಹುಪಾಲು ಜನ ಅವನ್ನು ಬರೆಯುವುದನ್ನೇ ಬಿಟ್ಟಿದ್ದಾರೆ. ಕಾನೂನು ವಿನಾಯಿತಿ ಕೊಟ್ಟಿರುವುದು ತೆರಿಗೆಯ ಮಟ್ಟಿಗೆ. ತನ್ನ ಸ್ಥಿತಿಯನ್ನು ತಾನು ತಿಳಿಯುವ ಅಗತ್ಯಕ್ಕೆ ವಿನಾಯಿತಿ ಇಲ್ಲ.

ಇನ್ನೆರಡು ಅಂಶಗಳನ್ನು ಸಂಕ್ಷೇಪವಾಗಿ ಹೇಳುವೆ. ಅತಿ ದೊಡ್ಡ ಗಿರಾಕಿಯ ಪಾಲು ಒಟ್ಟು ಮಾರಾಟದಲ್ಲಿ ಶೇಕಡ ಎಷ್ಟು ಎಂಬುದನ್ನು ಖಾತಾವಣಿಯಿಂದ ತೆಗೆಯಿರಿ. ಅರ್ಧಕ್ಕಿಂತ ಹೆಚ್ಚಿದ್ದರೆ ತಾವು ಹೆಸರಿಗೆ ಮಾಲೀಕರು, ವಾಸ್ತವದಲ್ಲಿ ಆ ಗಿರಾಕಿಯ ನೌಕರರು. ಹಾಗೆಯೇ ಒಂದು ವಾರ ಕಾಲ ತಮ್ಮ ಸಮಯ ಎಲ್ಲಿ ಕಳೆಯಿತೆಂದು ಬರೆದಿಡಿ. ಗುಮಾಸ್ತನೂ ಮಾಡಬಹುದಾದ ಕೆಲಸಕ್ಕೆ ಎಷ್ಟು ಗಂಟೆ ಹೋಯಿತೆಂಬುದು ತಾನಾಗಿಯೇ ಕಾಣುತ್ತದೆ.

ಬದಲಾವಣೆ ಹೇಳದೆ ಬರುವುದಿಲ್ಲ

“ಎಲ್ಲವೂ ಇದ್ದಕ್ಕಿದ್ದಂತೆ ಬದಲಾಯಿತು” ಎಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಕೆಲವು ವಸ್ತುಗಳನ್ನು ಸಣ್ಣ ಕೈಗಾರಿಕೆಗಳೇ ತಯಾರಿಸಬೇಕೆಂಬ ಮೀಸಲಾತಿ 1967ರಲ್ಲಿ 47 ವಸ್ತುಗಳಿಂದ ಆರಂಭವಾಗಿ, ಮುಂದೆ ಎಂಟುನೂರಕ್ಕೂ ಹೆಚ್ಚು ವಸ್ತುಗಳಿಗೆ ವಿಸ್ತರಿಸಿತು. ತೊಂಬತ್ತರ ದಶಕದ ಕೊನೆಯಿಂದ ಕಂತುಕಂತಾಗಿ ಪಟ್ಟಿ ಕಿರಿದಾಯಿತು. ಉಪ್ಪಿನಕಾಯಿ, ಅಗರಬತ್ತಿ, ಮೇಣದ ಬತ್ತಿ, ಸ್ಟೀಲ್ ಪಾತ್ರೆ, ಮರದ ಪೀಠೋಪಕರಣ ಮುಂತಾದ ಕೊನೆಯ 20 ವಸ್ತುಗಳ ಮೀಸಲಾತಿ ತೆರವಾದದ್ದು 2015ರ ಏಪ್ರಿಲ್‌ನಲ್ಲಿ. ಬೇಲಿ ಬೀಳಲು ಹದಿನೈದು ವರ್ಷಕ್ಕೂ ಮಿಕ್ಕ ಕಾಲ ಹಿಡಿಯಿತು. ಆ ಅವಧಿಯಲ್ಲಿ ಗುಣಮಟ್ಟ, ಮುದ್ರೆ, ಮಾರಾಟ ಜಾಲಗಳನ್ನು ಕಟ್ಟಿಕೊಂಡವರು ಉಳಿದರು.

ಜಿಎಸ್‌ಟಿಯ ಇ-ಇನ್‌ವಾಯ್ಸ್ ವಿಷಯವೂ ಹೀಗೆಯೇ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ಮೀರಿದ ವಹಿವಾಟಿಗೆ ಬಂದ ನಿಯಮ, ನೂರು, ಐವತ್ತು, ಇಪ್ಪತ್ತು, ಹತ್ತು ಕೋಟಿಗಳ ಮೆಟ್ಟಿಲಿಳಿದು 2023ರ ಆಗಸ್ಟ್‌ನಲ್ಲಿ 5 ಕೋಟಿಗೆ ತಲುಪಿತು. ಪ್ರತಿ ಮೆಟ್ಟಿಲಿನಲ್ಲೂ “ನಮಗೆ ಅನ್ವಯಿಸುವುದಿಲ್ಲ” ಎಂದು ಕುಳಿತವರು ಕೊನೆಯ ವಾರದಲ್ಲಿ ಗಾಬರಿಯಿಂದ ಓಡಿಬಂದರು.

ಕುಶಲ ಕೆಲಸದಲ್ಲಿ ಈ ಅಪಾಯ ಇನ್ನೂ ಸೂಕ್ಷ್ಮವಾದುದು. ಬೆಂಗಳೂರಿನ ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಮೇಲೆ, ಕೀ ಕೊಡುವ ಗಡಿಯಾರದ ರಿಪೇರಿ ಊರೂರಿನಲ್ಲೂ ಮರ್ಯಾದೆಯ ಉದ್ಯೋಗವಾಗಿತ್ತು. 1987ರಲ್ಲಿ ಟೈಟಾನ್ ತನ್ನ ಕ್ವಾರ್ಟ್ಜ್ ಗಡಿಯಾರಗಳೊಂದಿಗೆ ಮಾರುಕಟ್ಟೆಗೆ ಬಂತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ನಿರ್ಧಾರವನ್ನು ಕೇಂದ್ರ ಸಚಿವ ಸಂಪುಟ ಕೈಗೊಂಡದ್ದು 2016ರ ಜನವರಿಯಲ್ಲಿ. ಈ ನಡುವಿನ ಕಾಲದಲ್ಲಿ ರಿಪೇರಿ ಮಾಡುವವನ ಕೈಚಳಕ ಕಡಿಮೆಯಾಗಲಿಲ್ಲ. ಹೊಸ ಗಡಿಯಾರದೊಳಗಿನ ಯಂತ್ರವನ್ನು ಬಿಚ್ಚಿ ಸರಿಪಡಿಸುವುದಕ್ಕಿಂತ ಇಡಿಯಾಗಿ ಬದಲಿಸುವುದೇ ಅಗ್ಗವಾದ್ದರಿಂದ ಆ ಕೈಚಳಕಕ್ಕೆ ಬೆಲೆ ಉಳಿಯಲಿಲ್ಲ. ಅದೇ ಅಂಗಡಿಯಲ್ಲಿ ಕನ್ನಡಕದ ವ್ಯಾಪಾರ ಕೂಡಿಸಿಕೊಂಡವರನ್ನು ನಮ್ಮ ಊರುಗಳಲ್ಲಿ ಇಂದಿಗೂ ಕಾಣಬಹುದು. ಸೂಕ್ಷ್ಮ ಕೆಲಸದ ಕೈ, ಪೇಟೆಯ ನಡುವಿನ ಜಾಗ, ಗಿರಾಕಿಯ ವಿಶ್ವಾಸ ಇವು ಮೂರೂ ತಮ್ಮಲ್ಲಿವೆ ಎಂದು ಅವರು ಗುರುತಿಸಿದರು. ಆತ್ಮಪರಿಶೀಲನೆಯೆಂದರೆ ಕೊರತೆಗಳ ಪಟ್ಟಿ ಮಾತ್ರವಲ್ಲ, ಹಳೆಯ ಕಸುಬಿನಲ್ಲಿರುವ ಯಾವ ಗುಣ ಹೊಸ ಕಸುಬಿಗೆ ಬರುತ್ತದೆ ಎಂಬುದರ ಎಣಿಕೆಯೂ ಹೌದು.

ಮಿತಿಯೊಳಗಿನ ಬಾಳು

ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ನಮ್ಮ ಕಚೇರಿಗಳಿಗೆ ಬರುವ ಪ್ರಶ್ನೆ ಒಂದೇ: “ಲಿಮಿಟ್ ದಾಟಿತೇ?” ರಾಜಿ ತೆರಿಗೆ ಪದ್ಧತಿಗೆ ಒಂದೂವರೆ ಕೋಟಿ, ಇ-ಇನ್‌ವಾಯ್ಸ್‌ಗೆ ಐದು ಕೋಟಿ, ಹೀಗೆ ಒಂದೊಂದು ಗೆರೆಯ ಒಳಗೆ ಉಳಿಯಲು ಮಾರ್ಚ್ ತಿಂಗಳ ವ್ಯಾಪಾರವನ್ನೇ ತಗ್ಗಿಸುವವರಿದ್ದಾರೆ. ತೆರಿಗೆ ಉಳಿತಾಯ ತಪ್ಪಲ್ಲ. ಆದರೆ ಗೆರೆ ದಾಟಿದರೆ ಆಗುವ ಹೆಚ್ಚುವರಿ ಖರ್ಚೆಷ್ಟು, ದಾಟದೆ ಕಳೆದುಕೊಳ್ಳುವ ಲಾಭವೆಷ್ಟು ಎಂದು ಕಾಗದದ ಮೇಲೆ ಹೋಲಿಸಿದವರನ್ನು ನಾನು ಕಂಡದ್ದು ಕಡಿಮೆ. ಹಲವರ ವಿಷಯದಲ್ಲಿ ಮಿತಿಯು ನೆಪ. ಹೊಸ ಜವಾಬ್ದಾರಿಯ ಅಳುಕು ನಿಜವಾದ ಕಾರಣ. ಅಳುಕಿದ್ದರೆ ಅದನ್ನು ಅಳುಕೆಂದೇ ಒಪ್ಪಿಕೊಳ್ಳುವುದು ಲೇಸು. ಆಗ ಅದಕ್ಕೆ ತಕ್ಕ ಒಬ್ಬ ಸಹಾಯಕನನ್ನು ಹುಡುಕಬಹುದು.

ಮುಂದಿನ ಐದು ವರ್ಷಗಳ ಪುಟ

ಯೋಜನೆಯೆಂದರೆ ದೊಡ್ಡ ವರದಿಯೇ ಆಗಬೇಕಿಲ್ಲ. ಒಂದೇ ಪುಟ ಸಾಕು. ಆದರೆ ಅದರಲ್ಲಿ ತಾರೀಖುಗಳಿರಬೇಕು. ತಮ್ಮ ಹಾಗೂ ಮಕ್ಕಳ ಮುಂದಿನ ಐದು ವರ್ಷಗಳ ವಯಸ್ಸನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ, ಯಾವ ಸರಕನ್ನು ಎಂದು ನಿಲ್ಲಿಸುವುದು, ಯಾವ ಯಂತ್ರವನ್ನು ಎಂದು ಬದಲಿಸುವುದು, ಯಾವ ಸಾಲ ಎಂದು ತೀರುತ್ತದೆ, ತಾವು ಏನನ್ನು ಯಾರಿಂದ ಕಲಿಯುವುದು ಎಂದು ಬರೆಯಿರಿ. ಕಲಿಯುವುದೆಂದರೆ ತರಗತಿಯೇ ಆಗಬೇಕೆಂದಿಲ್ಲ. ಲೆಕ್ಕದ ತಂತ್ರಾಂಶವನ್ನು ಇಪ್ಪತ್ತೆರಡು ವರ್ಷದ ಗುಮಾಸ್ತನ ಪಕ್ಕದಲ್ಲಿ ಕುಳಿತು ಕಲಿತರೆ ಮಾಲೀಕನ ಗೌರವಕ್ಕೆ ಕುಂದಿಲ್ಲ.

ಮಕ್ಕಳ ಸಾಲು ಕಠಿಣವಾದುದು. ಮಗನೋ ಮಗಳೋ ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲೋ ಪರದೇಶದಲ್ಲೋ ಉದ್ಯೋಗದಲ್ಲಿದ್ದರೆ, “ಮುಂದೆ ನೋಡೋಣ” ಎಂಬ ಉತ್ತರದಲ್ಲಿ ಹತ್ತು ವರ್ಷ ಸುಲಭವಾಗಿ ಕಳೆದುಹೋಗುತ್ತದೆ. ಅವರನ್ನು ನೇರವಾಗಿ ಕೇಳಿರಿ. ಬರುವುದಿಲ್ಲವೆಂದರೆ ನಂಬಿಕೆಯ ಹಳೆಯ ನೌಕರನನ್ನು ಪಾಲುದಾರನನ್ನಾಗಿ ಮಾಡುವುದು, ಇಲ್ಲವೇ ವ್ಯಾಪಾರ ನಡೆಯುತ್ತಿರುವಾಗಲೇ ಅದನ್ನು ಮಾರುವುದು ಒಳ್ಳೆಯ ಯೋಜನೆಯೇ ಆಗುತ್ತದೆ. ನಿಂತುಹೋದ ಅಂಗಡಿಗೆ ದಾಸ್ತಾನಿನ ಬೆಲೆ ಮಾತ್ರ ಸಿಗುತ್ತದೆ. ನಡೆಯುತ್ತಿರುವ ಅಂಗಡಿಯ ಹೆಸರಿಗೂ ಬೆಲೆಯುಂಟು.

ಪಾಲುದಾರಿಕೆ ಸಂಸ್ಥೆಯವರು ತಮ್ಮ ಒಪ್ಪಂದ ಪತ್ರವನ್ನು ತೆಗೆದು ನೋಡಬೇಕು. 1932ರ ಪಾಲುದಾರಿಕೆ ಕಾಯಿದೆಯ 42ನೆಯ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ರೀತಿ ಹೇಳದಿದ್ದರೆ ಒಬ್ಬ ಪಾಲುದಾರನ ಮರಣದಿಂದ ಸಂಸ್ಥೆಯೇ ವಿಸರ್ಜನೆಗೊಳ್ಳುತ್ತದೆ. ಇಬ್ಬರೇ ಪಾಲುದಾರರಿದ್ದಲ್ಲಿ ಬದುಕುಳಿದ ಒಬ್ಬನೇ ಸಂಸ್ಥೆಯಾಗಲಾರ. ಇಬ್ಬರು ಅಣ್ಣತಮ್ಮಂದಿರ ಸಂಸ್ಥೆಗಳು ಮೂರನೆಯ ಪಾಲುದಾರನನ್ನು ಈಗಲೇ ಸೇರಿಸಿಕೊಳ್ಳುವ ಬಗ್ಗೆ ಯೋಚಿಸುವುದು ಒಳಿತು.

ಪುಟ ಬರೆದ ವರ್ಷ ಒಂದು ಪರೀಕ್ಷೆ ಮಾಡಿರಿ. ಹದಿನೈದು ದಿನ ಊರು ಬಿಟ್ಟು ಹೋಗಿ ಬನ್ನಿ, ಕಾಶಿಯಾತ್ರೆಯಾದರೂ ಆಗಲಿ. ಹಿಂದಿರುಗಿದಾಗ ಯಾವ ಯಾವ ಕೆಲಸ ತಮಗಾಗಿ ಕಾದು ನಿಂತಿತ್ತೋ ಅದನ್ನೆಲ್ಲ ಬರೆದಿಡಿ. ಇತರರಿಗೆ ಕಲಿಸಬೇಕಾದ ಕೆಲಸಗಳ ಪಟ್ಟಿ ಅದೇ.

ಇದಕ್ಕೆಲ್ಲ ಹಳೆಯ ಲೆಕ್ಕ ಬೇಕು. ಜಿಎಸ್‌ಟಿ ಕಾಯಿದೆ ಪ್ರಕಾರ ವಾರ್ಷಿಕ ವಿವರ ಪತ್ರದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪುಸ್ತಕಗಳನ್ನು ಇಟ್ಟುಕೊಂಡರೆ ಸಾಕು. ಆ ಬಳಿಕ ದೀಪಾವಳಿಯ ಸುಣ್ಣಬಣ್ಣದ ಹೊತ್ತಿಗೆ ಅವು ರದ್ದಿಗೆ ಹೋಗುವುದು ವಾಡಿಕೆ. ಬಿಲ್ಲು, ವೋಚರುಗಳು ಹೋದರೆ ಹೋಗಲಿ. ಪ್ರತಿ ವರ್ಷದ ಲಾಭ-ನಷ್ಟ ಖಾತೆ ಮತ್ತು ಆಢಾವೆ ಪತ್ರಿಕೆಯ ಒಂದೊಂದು ಪ್ರತಿಯನ್ನು ಬೇರೆ ಕಡತದಲ್ಲಿ ತೆಗೆದಿಡಿ. ಈಗಾಗಲೇ ಕೊಟ್ಟಾಗಿದ್ದರೆ, ಸಾಲ ಪಡೆದ ಬ್ಯಾಂಕಿನಲ್ಲಿ ಅಥವಾ ತಮ್ಮ ಲೆಕ್ಕ ಪರಿಶೋಧಕರಲ್ಲಿ ಪ್ರತಿಗಳು ಸಿಗುವ ಸಂಭವವಿದೆ, ಒಮ್ಮೆ ವಿಚಾರಿಸಿ ನೋಡಿ.