ಮೃಗಾಲಯದಲ್ಲಿ ಮಕ್ಕಳು: ಹೊಣೆ ಯಾರದು?

‘ಮೃಗಾಲಯ’ ಎಂಬುದು ಮೃಗ, ಆಲಯ ಎಂಬ ಎರಡು ಶಬ್ದಗಳು ಸವರ್ಣದೀರ್ಘ ಸಂಧಿಯಿಂದ ಕೂಡಿ ಆದ ಸಮಾಸಪದ. ಮೃಗಗಳ ಮನೆ ಎಂದು ಅದರ ಅರ್ಥ. ಅಲ್ಲಿಗೆ ಹೋಗುವ ಮನುಷ್ಯನು ಅತಿಥಿಯೇ ಹೊರತು ಒಡೆಯನಲ್ಲ. ಅತಿಥಿಯು ತನ್ನ ಮೇರೆಯನ್ನು ಮರೆತಲ್ಲಿ ಅನಾಹುತಕ್ಕೆ ಎಡೆಯಾಗುತ್ತದೆ.

ಆಗುಂಬೆಯ ಹಾದಿಯಲ್ಲಿರುವ ಮೇಗರವಳ್ಳಿಯಿಂದ ಮಕ್ಕಳು ಪ್ರವಾಸಕ್ಕೆ ಹೊರಟರೆ ತೀರ್ಥಹಳ್ಳಿಯನ್ನು ದಾಟಿ, ಮಂಡಗದ್ದೆಯ ಪಕ್ಷಿಧಾಮವನ್ನೂ ಸಕ್ರೆಬೈಲಿನ ಆನೆ ಬಿಡಾರವನ್ನೂ ಕಂಡು, ಶಿವಮೊಗ್ಗದಾಚೆ ಸಾಗರದ ರಸ್ತೆಯಲ್ಲಿ 1988ರಲ್ಲಿ ಆರಂಭವಾದ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮವನ್ನು ಸೇರಬಹುದು. ಈ ಒಂದೇ ಹಾದಿಯಲ್ಲಿ ಮೂರು ಬಗೆಯ ಅಂತರಗಳಿವೆ. ಮಂಡಗದ್ದೆಯಲ್ಲಿ ಹಕ್ಕಿಗೂ ಮಗುವಿಗೂ ನಡುವೆ ತುಂಗೆಯ ನೀರಿದೆ. ಸಕ್ರೆಬೈಲಿನಲ್ಲಿ ಆನೆಗೂ ಮಗುವಿಗೂ ನಡುವೆ ಮಾವುತನ ಮಾತಿದೆ. ತ್ಯಾವರೆಕೊಪ್ಪದಲ್ಲಿ ಬೇಲಿ, ವಾಹನದ ಕಿಟಕಿಗಳಿವೆ. ಅಂತರದ ರೂಪ ಬೇರೆಯಾದರೂ ಉದ್ದೇಶ ಒಂದೇ: ಎರಡು ಜೀವಗಳನ್ನೂ ಕಾಯುವುದು.

ಹಿಂದೆ ಮೃಗಗಳನ್ನು ಕಬ್ಬಿಣದ ಸರಳುಗಳ ಬೋನಿನಲ್ಲಿಡುತ್ತಿದ್ದರು. 1907ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಬಳಿ ಕಾರ್ಲ್ ಹಾಗೆನ್‌ಬೆಕ್ ಎಂಬಾತನು ಸರಳುಗಳನ್ನು ತೆಗೆದು, ನೋಡುವವರ ಕಣ್ಣಿಗೆ ಮರೆಯಾಗುವ ಕಂದಕಗಳನ್ನು ರಚಿಸಿ ಮೃಗಾಲಯವನ್ನು ತೆರೆದನು. ಈ ಕ್ರಮವು ಲೋಕದಲ್ಲೆಲ್ಲ ಹರಡಿತು. ಮೃಗಗಳಿಗೆ ಇದರಿಂದ ಹಿತವಾಯಿತು. ಆದರೆ ಇದರಲ್ಲಿ ಒಂದು ಸೂಕ್ಷ್ಮವುಂಟು. ಸರಳು ‘ಇಲ್ಲಿ ಅಪಾಯವಿದೆ’ ಎಂದು ಮಗುವಿಗೆ ತಾನೇ ಹೇಳುತ್ತಿತ್ತು. ಕಂದಕ ಹಾಗೆ ಹೇಳುವುದಿಲ್ಲ. ಸರಳು ಹೇಳುತ್ತಿದ್ದ ಮಾತನ್ನು ಈಗ ಹಿರಿಯರು ಹೇಳಬೇಕಾಗಿದೆ.

ಅಮೆರಿಕದ ಸಿನ್ಸಿನಾಟಿ ಮೃಗಾಲಯದಲ್ಲಿ 2016ನೆಯ ಮೇ 28ರಂದು ನಡೆದ ದುರಂತ ಇದಕ್ಕೆ ನಿದರ್ಶನ. ಮೂರು ವರ್ಷದ ಬಾಲಕನೊಬ್ಬ ಕಟಕಟೆಯನ್ನು ದಾಟಿ, ಸುಮಾರು 15 ಅಡಿ ಕೆಳಗಿನ ಕಂದಕಕ್ಕೆ ಬಿದ್ದನು. ಹರಾಂಬೆ ಎಂಬ 17 ವರ್ಷದ ಗೊರಿಲ್ಲ ಅವನನ್ನು ಹಿಡಿದು ನೀರಿನಲ್ಲಿ ಎಳೆದಾಡಿತು. ಅರಿವಳಿಕೆಯ ಮದ್ದು ನಾಟಿದರೂ ಅದು ಕೆಲಸ ಮಾಡಲು ಸಮಯ ಬೇಕು. ಅಷ್ಟರೊಳಗೆ ಪ್ರಾಣಿ ಕೆರಳಬಹುದು. ಆದಕಾರಣ ಅಧಿಕಾರಿಗಳು ಗುಂಡಿಟ್ಟು ಅದನ್ನು ಕೊಂದರು. ಬಾಲಕ ಬದುಕಿದನು. ತಾಯಿಯದು ತಪ್ಪೆಂದು ಕೆಲವರು, ಮೃಗಾಲಯದ್ದೆಂದು ಕೆಲವರು ಜಗಳವಾಡಿದರು. ತಾಯಿಯ ಮೇಲೆ ಮೊಕದ್ದಮೆ ಹೂಡಲಿಲ್ಲ. ಕಟಕಟೆಯು ಸಮರ್ಪಕವಾಗಿರಲಿಲ್ಲವೆಂದು ಅನಂತರ ಸರ್ಕಾರದ ತಪಾಸಣೆಯಿಂದ ತಿಳಿದುಬಂದಿತು. ಮೃಗಾಲಯದವರು ಅದನ್ನು ಮೂರೂವರೆ ಅಡಿಗೆ ಎತ್ತರಿಸಿ ಬಲೆಯನ್ನೂ ಬಿಗಿದರು. ಆ ಗೊರಿಲ್ಲಗಳ ಆವರಣವು 1978ರಿಂದ ಇದ್ದಿತು. ಮೂವತ್ತೆಂಟು ವರ್ಷ ಏನೂ ಆಗಲಿಲ್ಲವೆಂಬುದು ಅದು ಭದ್ರವೆಂಬುದಕ್ಕೆ ಪ್ರಮಾಣವಾಗಲಿಲ್ಲ.

‘ಹೊಣೆ’ ಎಂಬ ಮಾತಿಗೆ ಹಳಗನ್ನಡದಲ್ಲಿ ‘ಪೊಣೆ’ ಎಂದು ರೂಪ. ಜಾಮೀನು ಎಂಬುದು ಅದರ ಅರ್ಥ. ಒಬ್ಬನು ತಪ್ಪಿದರೆ ಅವನ ಪರವಾಗಿ ತೆರಲು ಒಪ್ಪಿ ನಿಂತವನು ಹೊಣೆಗಾರ. ಸಿನ್ಸಿನಾಟಿಯಲ್ಲಿ ಹೊಣೆ ಹೊತ್ತವರು ಮನುಷ್ಯರು. ತೆತ್ತದ್ದು ಯಾವ ಹೊಣೆಯನ್ನೂ ಹೊರದ ಮೂಕಪ್ರಾಣಿ.

ಪ್ರಾಣಿಗಳೆಲ್ಲವೂ ಕ್ರೂರವಲ್ಲವೆಂಬುದು ನಿಜ. 1986ರಲ್ಲಿ ಜರ್ಸಿ ದ್ವೀಪದ ಮೃಗಾಲಯದಲ್ಲಿ ಐದು ವರ್ಷದ ಬಾಲಕನು ಬಿದ್ದಾಗ ಜಾಂಬೊ ಎಂಬ ಗಂಡು ಗೊರಿಲ್ಲ ಅವನಿಗೆ ಕಾವಲಾಗಿ ನಿಂತು ಬೆನ್ನು ಸವರಿತು. ಆದರೆ ಇದನ್ನು ನಂಬಿ ಮಗುವನ್ನು ಅಂಚಿಗೆ ಬಿಡುವುದು ಅವಿವೇಕ.

ಅಪಾಯ ಕಟಕಟೆಯಲ್ಲಿ ಮಾತ್ರವಿಲ್ಲ. ಬೆಂಗಳೂರಿನ ಬನ್ನೇರುಘಟ್ಟದಲ್ಲಿ 2025ನೆಯ ಆಗಸ್ಟ್ 15ರಂದು ಸಫಾರಿ ವಾಹನದಲ್ಲಿ ಕುಳಿತಿದ್ದ 12 ವರ್ಷದ ಬಾಲಕನ ಕೈಗೆ ಚಿರತೆಯ ಉಗುರು ತಗಲಿ ಗಾಯವಾಯಿತು. ಬೆರಳು ತೂರುವಷ್ಟು ಕಿಂಡಿ ಉಗುರಿಗೂ ದಾರಿಯೇ. ಅದನ್ನು ಮುಚ್ಚುವುದು ಸಂಸ್ಥೆಯ ಕರ್ತವ್ಯ. ಅದರಿಂದ ಮಗುವಿನ ಕೈಯನ್ನು ದೂರವಿರಿಸುವುದು ಜೊತೆಯವರ ಕರ್ತವ್ಯ. ಒಂದು ಇದೆಯೆಂದು ಇನ್ನೊಂದನ್ನು ಬಿಡಲಾಗದು.

ಮಳೆಗಾಲದಲ್ಲಿ ಹಳ್ಳವು ತುಂಬಿ ಹರಿಯುವಾಗ ಮಲೆನಾಡಿನ ತಾಯಿ ಕಾಲುಸಂಕದ ಮೇಲೆ ಮಗುವಿನ ಕೈಯನ್ನು ಬಿಡುವಳೇ? ಸಂಕ ಗಟ್ಟಿಯಾಗಿದೆಯೆಂದು ಹಿಡಿತವನ್ನು ಸಡಿಲಿಸುವಳೇ? ಹುಲಿಯ ಕಂದಕದ ಅಂಚೂ ಕಾಲುಸಂಕವೇ. ಅಲ್ಲಿ ಮಗುವನ್ನು ಕಟಕಟೆಯ ಮೇಲೆ ಕೂರಿಸಿ ಚಿತ್ರ ತೆಗೆಯುವುದು ವಾತ್ಸಲ್ಯವಲ್ಲ. ಶಾಲೆಯ ಪ್ರವಾಸದಲ್ಲಿ ‘ಎಲ್ಲರೂ ನೋಡಿಕೊಳ್ಳಿ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಇಂತಿಷ್ಟು ಮಕ್ಕಳಿಗೆ ಇಂಥವರೇ ಹೊಣೆಯೆಂದು ಹೊರಡುವ ಮೊದಲೇ ಹೆಸರು ಹಿಡಿದು ಹೇಳಬೇಕು. ಒಂದೊಂದು ಆವರಣವನ್ನು ಬಿಡುವಾಗಲೂ ತಲೆ ಎಣಿಸಬೇಕು.

ಮಕ್ಕಳು ಕಲಿಯಬೇಕಾದ ಪಾಠವೂ ಉಂಟು. ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಅದಕ್ಕೆ ತಿನಿಸು ಎಸೆಯುವುದು, ಗದ್ದಲದಿಂದ ಕಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಿಷಿದ್ಧ. ಟೊಪ್ಪಿಗೆಯೋ ಚೆಂಡೋ ಒಳಗೆ ಬಿದ್ದರೆ ಅದು ಹೋಯಿತೆಂದೇ ತಿಳಿಯಬೇಕು. ಗೆಳೆಯನೇ ಬಿದ್ದರೆ ಕಿರುಚದೆ, ಕಲ್ಲೆಸೆಯದೆ, ತಾನೂ ಹಾರದೆ, ಕಾವಲುಗಾರನ ಬಳಿಗೆ ಓಡಬೇಕು. ಕೂಗಾಟದಿಂದ ಬೆದರಿದ ಮೃಗವು ಇನ್ನಷ್ಟು ಅಪಾಯಕಾರಿ.

ಗೋಡೆಯನ್ನು ಕಟ್ಟುವವರು ಕಟ್ಟಲಿ, ಕೈಯನ್ನು ಹಿಡಿಯುವವರು ಹಿಡಿಯಲಿ, ಮೇರೆಯನ್ನು ಅರಿಯುವವರು ಅರಿಯಲಿ. ಈ ಮೂವರಲ್ಲಿ ಒಬ್ಬರು ಮರೆತ ಗಳಿಗೆಯಲ್ಲಿ ಉಳಿದಿಬ್ಬರು ಎಚ್ಚರವಾಗಿದ್ದರೆ ಮಗುವೂ ಉಳಿದೀತು, ಮೃಗವೂ ಉಳಿದೀತು.